ಪದಚರ್ಚೆ: ಸ್ಪ್ಯಾನಿಷ್ 'ಮಿಲಿತಾಂತೆ' ಇಂಗ್ಲಿಷಿನ 'ಮಿಲಿಟೆಂಟ್' ಹೌದಾ? (ತುರ್ತು, ಜೊತೆಗೆ ಇನ್ನೂ ಕೆಲವು ಪದಗಳು)

ಬೆಂಗಳೂರಿನಿಂದ, ಶುಕ್ರವಾರ ರಾತ್ರಿ

ಎಲ್ಲರಿಗೂ ನಮಸ್ಕಾರ.

ಸ್ವಲ್ಪ ಅವಸರದ ಕೆಲಸ. ಅರ್ಜೆಂಟೀನಾದಲ್ಲಿ 1976ರಿಂದ 1983ರವರೆಗೆ ನಡೆದ ಸೇನಾ ಆಡಳಿತದ ಬಗ್ಗೆ ಒಂದು ಸ್ಪ್ಯಾನಿಷ್ ಲೇಖನವನ್ನು ಇಂಗ್ಲಿಷಿಗೆ ತರುತ್ತಿದ್ದೇನೆ. ಸಮಾಜಶಾಸ್ತ್ರದವರು ಬರೆದದ್ದು. ಇದೇ ವಿಷಯದ ಮೇಲೆ ಇಲ್ಲಿನ ಒಂದು ಕಾಲೇಜಿನಲ್ಲಿ ಫೋಟೋ ಪ್ರದರ್ಶನವೂ ಇದೆ. ಅದರ ಫಲಕಗಳು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಇರಬೇಕಂತೆ. ಫ್ಲೆಕ್ಸ್ ಅಂಗಡಿಯವರು ಭಾನುವಾರ ಮಧ್ಯಾಹ್ನದೊಳಗೆ ಫೈಲ್ ಬೇಕೇ ಬೇಕು ಎಂದಿದ್ದಾರೆ.

ಸಿಕ್ಕಿಬಿದ್ದಿರುವ ಪದಗಳು ಇವು. ಮೊದಲನೆಯದು 'ಮಿಲಿತಾಂತೆ'. ವಿದ್ಯಾರ್ಥಿ ಸಂಘದಲ್ಲಿದ್ದ ಹುಡುಗಿಯೂ ಮಿಲಿತಾಂತೆ, ಕಾರ್ಖಾನೆಯ ಯೂನಿಯನ್ ಪ್ರತಿನಿಧಿಯೂ ಮಿಲಿತಾಂತೆ, ಬಂದೂಕು ಹಿಡಿದವನೂ ಮಿಲಿತಾಂತೆ. ಸಂಪಾದಕರು 'ಮಿಲಿಟೆಂಟ್' ಅಂತಲೇ ಇಡಿ, ಮೂಲಕ್ಕೆ ಹತ್ತಿರ ಎನ್ನುತ್ತಾರೆ. ನನಗೆ ಒಗ್ಗುತ್ತಿಲ್ಲ.

ಎರಡನೆಯದು 'ಪೊಲಿತಿಕಾಸ್ ದೆ ಮೆಮೊರಿಯಾ'. ಇದು ಪಾಲಿಟಿಕ್ಸ್ ಆಫ್ ಮೆಮೊರಿಯೋ, ಮೆಮೊರಿ ಪಾಲಿಸಿಯೋ?

ಮೂರನೆಯದು 'ದೆಸಪರೆಸಿದೋಸ್'. ಇಂಗ್ಲಿಷಲ್ಲಿ 'ದ ಡಿಸಪಿಯರ್ಡ್' ನಿಂತುಬಿಟ್ಟಿದೆ, ಅದರ ಗೊಡವೆ ಇಲ್ಲ. ಕನ್ನಡ ಫಲಕಕ್ಕೆ 'ಕಾಣೆಯಾದವರು' ಸಾಕಾ?

ಉಳಿದವು 'ಹುಂತಾ' (ಇಂಗ್ಲಿಷಿನವರ ಜುಂಟಾ, ಇಲ್ಲಿ ಅಧಿಕಾರ ಹಿಡಿದ ಸೇನಾ ಮುಖ್ಯಸ್ಥರ ಮಂಡಳಿ), 'ತ್ರಸ್ಲಾದೊ', 'ಪುಂತೊ ಫಿನಾಲ್' ಕಾಯ್ದೆ, 'ಒರ್ಗನಿಸ್ಮೋಸ್'. ನಿಘಂಟಿನ ಅರ್ಥ ನನ್ನ ಹತ್ತಿರ ಇದೆ. ಬೇಕಿರುವುದು ಫಲಕದ ಮುಂದೆ ನಿಂತು ಓದುವ ಪಿಯುಸಿ ಹುಡುಗರಿಗೆ ಅರ್ಥವಾಗುವ ಮಾತು.

ಧಾರವಾಡದಿಂದ, ಶನಿವಾರ ಬೆಳಿಗ್ಗೆ

ಮೇಡಂ, 'ಹುಂತಾ' ಅನ್ನೋದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳೋದು ಏನೈತ್ರಿ? ಲ್ಯಾಟಿನ್ ಧಾತು 'ಯುಂಗೆರೆ', ಕೂಡಿಸು ಅಂತ ಅರ್ಥ. ಸಂಸ್ಕೃತದ 'ಯುಜ್' ಅದರ ಒಡಹುಟ್ಟು. ಯೋಗ, ಯುಗ್ಮ, ಸಂಯೋಗ ಎಲ್ಲಾ ಅಲ್ಲಿಂದ ಬಂದವು. ಇಂಗ್ಲಿಷಿನ ಜಾಯಿನ್, ಯೋಕ್ ಕೂಡ ಅದೇ ಮನೆತನ. ನಮ್ಮ 'ನೊಗ'ವೂ ಸಂಸ್ಕೃತದ 'ಯುಗ'ದಿಂದಲೇ ಬಂತು ಅಂತ ಈ ಬಳಗದಲ್ಲಿ ನಾನು ಹೇಳುತ್ತಲೇ ಇದ್ದೇನೆ. ಯಾರೂ ಕಿವಿಗೆ ಹಾಕಿಕೊಂಡಿಲ್ಲ.

'ಸೈನಿಕ ಸಂಯೋಗ' ಅಂತ ಹಾಕಿ. ಧಾತುವಿಗೆ ಧಾತು, ಅರ್ಥಕ್ಕೆ ಅರ್ಥ. ಉಳಿದ ಪದಗಳಿಗೆ ಒಳ್ಳೆಯ ನಿಘಂಟು ನೋಡಿ.

ಸಾಗರದಿಂದ, ಶನಿವಾರ ಬೆಳಿಗ್ಗೆ

'ಸೈನಿಕ ಸಂಯೋಗ' ಅಂತ ಫಲಕ ಹಾಕಿದರೆ ಪಿಯುಸಿ ಹುಡುಗರು ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರೆ, ಅಷ್ಟೇ.

ನೊಗ ನಮ್ಮದು. ತಮಿಳಿನಲ್ಲಿ ನುಗಂ ಇದೆ. ಎತ್ತು ಕಟ್ಟಲು ಸಂಸ್ಕೃತ ಬರುವ ತನಕ ನಮ್ಮವರು ಕಾಯುತ್ತಾ ಕೂತಿರಲಿಲ್ಲ.

ಹುಂತಾ ಎಂದರೆ ಕೂಡಿದವರು. ಕನ್ನಡದಲ್ಲಿ 'ಕೂಡು' ಇದೆ, ಅದರಿಂದ 'ಕೂಟ' ಇದೆ. 'ಪಡೆಕೂಟ' ಅನ್ನಿ, ಮುಗೀತು. ಮಿಲಿತಾಂತೆಗೆ 'ಹುರಿಯಾಳು'. ತ್ರಸ್ಲಾದೊಗೆ 'ಎಡೆಮಾರ್ಪು'. ಪೊಲಿತಿಕಾಸ್ ದೆ ಮೆಮೊರಿಯಾಗೆ 'ನೆನಪಿನ ಹಮ್ಮುಗೆ'. ಎಲ್ಲವೂ ಕನ್ನಡದ ಬೇರಿನಿಂದ ಬಂದ ಪದಗಳು. ಬಳಸಿದರೆ ಉಳಿಯುತ್ತವೆ.

ಟೆಕ್ಸಸ್‌ನಿಂದ, ಶನಿವಾರ

ಬೆಂಗಳೂರಿನ ಮೇಡಂಗೆ,

ನಾನು ಇಲ್ಲಿ ಸ್ಪ್ಯಾನಿಷ್‌ನಿಂದ ಇಂಗ್ಲಿಷಿಗೆ ಅನುವಾದ ಮಾಡಿ ಹೊಟ್ಟೆ ಹೊರೆಯುವವನು. ಧಾತು ಹಿಡಿದು ಹೊರಟರೆ ಈ ಕೆಲಸ ಆಗುವುದಿಲ್ಲ. ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ನಡುವೆ ಧಾತುಗಳು ಬೇಕಾದಷ್ಟು ಒಂದೇ ಇವೆ. ತೊಂದರೆ ಇರುವುದೇ ಅಲ್ಲಿ. ಕಷ್ಟದ ಪದ ಕಂಡಾಗ ನಾವು ನಿಂತು ಯೋಚಿಸುತ್ತೇವೆ. ಸುಲಭವಾಗಿ ಕಂಡದ್ದು ನಮ್ಮನ್ನು ಬೀಳಿಸುತ್ತದೆ. 'ಸಿಂದಿಕಾತೊ' ಎಂದರೆ ಕಾರ್ಮಿಕರ ಯೂನಿಯನ್. ಇಂಗ್ಲಿಷಲ್ಲಿ ಸಿಂಡಿಕೇಟ್ ಎಂದು ಬರೆದು ನೋಡಿ, ಮಟ್ಕಾ ದಂಧೆ ನೆನಪಾಗುತ್ತದೆ.

ಮಿಲಿತಾಂತೆಯೂ ಇದೇ ಜಾತಿ. ಸ್ಪೇನ್‌ನಲ್ಲಿ ಒಂದು ಪಕ್ಷಕ್ಕೆ ವಂತಿಗೆ ಕಟ್ಟಿ ಸದಸ್ಯನಾದವನು ಆ ಪಕ್ಷದ ಮಿಲಿತಾಂತೆ. ಅವನು ಬ್ಯಾಂಕ್ ಗುಮಾಸ್ತನಿರಬಹುದು. ಸಭೆಗೆ ಕುರ್ಚಿ ಹಾಕುವುದು, ಚೀಟಿ ಹಂಚುವುದು, ಬೀದಿಯಲ್ಲಿ ಪೋಸ್ಟರ್ ಅಂಟಿಸುವುದು, ಇದೆಲ್ಲ 'ಮಿಲಿತಾನ್ಸಿಯಾ'. ಬೇರಿನಲ್ಲಿ ಲ್ಯಾಟಿನ್ ಸಿಪಾಯಿ ಇದ್ದಾನೆ, ಒಪ್ಪಿದೆ. ಸ್ಪ್ಯಾನಿಷ್‌ನಲ್ಲಿ ಆ ಸಿಪಾಯಿ ಯಾವತ್ತೋ ಬಂದೂಕು ಕೆಳಗಿಟ್ಟಿದ್ದಾನೆ. ಇಂಗ್ಲಿಷಲ್ಲಿ ಇಟ್ಟಿಲ್ಲ. ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳಲ್ಲಂತೂ ಮಿಲಿಟೆಂಟ್ ಎಂದರೆ ಉಗ್ರಗಾಮಿಯೇ. ಬೇರೆ ಅರ್ಥವೇ ಉಳಿದಿಲ್ಲ.

ಈಗ ಅರ್ಜೆಂಟೀನಾಕ್ಕೆ ಬನ್ನಿ. ಸೇನೆಯ ಇಡೀ ವಾದ ಏನಿತ್ತು? ನಾವು ಸಶಸ್ತ್ರ ಗುಂಪುಗಳ ಜೊತೆ ಯುದ್ಧ ಮಾಡಿದೆವು ಎಂದು. ಸಶಸ್ತ್ರ ಗುಂಪುಗಳು ಇದ್ದದ್ದು ನಿಜ. ಮೊಂತೊನೆರೋಸ್ ಇತ್ತು, ಇಆರ್‌ಪಿ ಇತ್ತು. ಆದರೆ 1984ರಲ್ಲಿ ಸರ್ಕಾರಿ ಆಯೋಗ ವರದಿ ಕೊಟ್ಟಿತಲ್ಲ, ಅದರಲ್ಲಿ ಕಾಣೆಯಾದವರ ಉದ್ಯೋಗದ ಪಟ್ಟಿ ನೋಡಿ. ಸುಮಾರು 30% ಕೂಲಿ ಕಾರ್ಮಿಕರು. 21% ವಿದ್ಯಾರ್ಥಿಗಳು. ಸುಮಾರು 18% ನೌಕರರು. ಇವರನ್ನೆಲ್ಲ ಸಾಲಾಗಿ 'ಮಿಲಿಟೆಂಟ್' ಎಂದು ಬರೆದರೆ ಸೇನೆಯ ವಾದವನ್ನು ನೀವೇ ಫಲಕದ ಮೇಲೆ ಅಚ್ಚು ಹಾಕಿದಂತೆ. ಇದೇ ಕಾರಣಕ್ಕೆ 'ಡರ್ಟಿ ವಾರ್' ಎಂಬ ಮಾತನ್ನೂ ಬಿಡಿ. ಅದನ್ನು ಬಳಕೆಗೆ ತಂದವರಲ್ಲಿ ಸೇನೆಯವರೇ ಮುಂದಿದ್ದರು. ಅಲ್ಲಿನ ಮಾನವ ಹಕ್ಕುಗಳ ಗುಂಪುಗಳು ಅದನ್ನು ಒಪ್ಪುವುದಿಲ್ಲ. 'ಸರ್ಕಾರಿ ಭಯೋತ್ಪಾದನೆ' ಎಂಬುದು ಅವರ ಮಾತು. ಇಂಗ್ಲಿಷ್ ಪುಸ್ತಕಗಳಲ್ಲಿ ಮಾತ್ರ ಡರ್ಟಿ ವಾರ್ ಇನ್ನೂ ಓಡುತ್ತಿದೆ.

ನನ್ನ ಸಲಹೆ: ಹುಡುಗಿಗೆ 'ಸ್ಟೂಡೆಂಟ್ ಆ್ಯಕ್ಟಿವಿಸ್ಟ್', ಯೂನಿಯನ್ನಿನವನಿಗೆ 'ಯೂನಿಯನ್ ಆ್ಯಕ್ಟಿವಿಸ್ಟ್', ಬಂದೂಕು ಹಿಡಿದವನಿಗೆ ಅವನ ಸಂಘಟನೆಯ ಹೆಸರು. ಒಂದು ಸ್ಪ್ಯಾನಿಷ್ ಪದಕ್ಕೆ ಎಲ್ಲ ಕಡೆಯೂ ಒಂದೇ ಇಂಗ್ಲಿಷ್ ಪದ ಇರಬೇಕು ಅನ್ನುವ ಸಂಪಾದಕರ ಹಟ ಲೆಕ್ಕಪತ್ರಕ್ಕೆ ಸರಿ, ಲೇಖನಕ್ಕಲ್ಲ.

ಇನ್ನು ಪೊಲಿತಿಕಾ. ಸ್ಪ್ಯಾನಿಷ್‌ನಲ್ಲಿ ಪಾಲಿಟಿಕ್ಸ್‌ಗೂ ಪಾಲಿಸಿಗೂ ಒಂದೇ ಪದ. ಇಂಗ್ಲಿಷಿಗೆ ಬಂದಾಗ ಪ್ರತಿ ಸಲವೂ ಒಂದನ್ನು ಆರಿಸಲೇಬೇಕು. ಗುರುತು ಹಿಡಿಯುವ ದಾರಿ ಇದೆ. ಬಹುವಚನದಲ್ಲಿದ್ದು ಪಕ್ಕದಲ್ಲಿ ಸರ್ಕಾರವೋ 'ಜಾರಿ ಮಾಡು' ಎಂಬ ಕ್ರಿಯಾಪದವೋ ಇದ್ದರೆ ಹೆಚ್ಚಾಗಿ ಪಾಲಿಸಿ. ಬ್ಯೂನಸ್ ಐರಿಸ್‌ನ ನೌಕಾಪಡೆ ಶಾಲೆಯನ್ನೇ ತೆಗೆದುಕೊಳ್ಳಿ. 'ಎಸ್ಮಾ' ಎನ್ನುತ್ತಾರೆ. ಜನರನ್ನು ಕೂಡಿಹಾಕಿ ಹಿಂಸಿಸಿದ ಜಾಗ. 2004ರಲ್ಲಿ ಸರ್ಕಾರ ಅದನ್ನು ನೆನಪಿನ ತಾಣ ಮಾಡಲು ಬಿಟ್ಟುಕೊಟ್ಟಿತು, 2023ರಲ್ಲಿ ಅದು ಯುನೆಸ್ಕೊ ಪಟ್ಟಿಗೆ ಸೇರಿತು. ಬಿಟ್ಟುಕೊಟ್ಟದ್ದು ಪಾಲಿಸಿ. ಕಾಣೆಯಾದವರು 30 ಸಾವಿರವೋ ಆಯೋಗ ದಾಖಲಿಸಿದ ಸುಮಾರು 9 ಸಾವಿರವೋ ಎಂದು ಇವತ್ತಿಗೂ ಜಗಳ ನಡೆಯುತ್ತದಲ್ಲ, ಅದು ಪಾಲಿಟಿಕ್ಸ್. ನಿಮ್ಮ ಲೇಖನದಲ್ಲಿ ಎರಡೂ ಇರಬಹುದು. ಅಡ್ಡಬಂದಲ್ಲೆಲ್ಲ ಬೇರೆ ಬೇರೆಯಾಗಿ ನೋಡಿ.

ಕನ್ನಡದಲ್ಲಿ ಈ ತಲೆನೋವು ಕಡಿಮೆ. ನೀತಿ ಬೇರೆ, ರಾಜಕಾರಣ ಬೇರೆ. ಹಮ್ಮುಗೆ ಯಾಕೆ ಬೇಕೋ ಗೊತ್ತಿಲ್ಲ.

'ಒರ್ಗನಿಸ್ಮೋಸ್' ಬಗ್ಗೆ ಎರಡೇ ಮಾತು. ಅರ್ಜೆಂಟೀನಾದಲ್ಲಿ ಮಾನವ ಹಕ್ಕುಗಳ ಜೊತೆ ಬಂದರೆ ಅದು ಕಾಣೆಯಾದವರ ಮನೆಯ ತಾಯಂದಿರ, ಅಜ್ಜಿಯರ ಸಂಘಟನೆಗಳಂಥವು. 'ಅಂತಾರಾಷ್ಟ್ರೀಯ' ಎಂದು ಸೇರಿದರೆ ವಿಶ್ವಸಂಸ್ಥೆಯ ಥರದವು. ಮೊದಲನೆಯದಕ್ಕೆ 'ಸಂಘಟನೆ' ಹಾಕಿ.

ದೆಹಲಿಯಿಂದ, ಶನಿವಾರ ಸಂಜೆ

ಟೆಕ್ಸಸ್ ಸರ್ ಬರೆದದ್ದು ಅರ್ಧ ಮಾತ್ರ ಒಪ್ಪಿಗೆ. ನಾನು ಲ್ಯಾಟಿನ್ ಅಮೆರಿಕದ ರಾಜಕೀಯ ಓದುತ್ತಿರುವವಳು.

1980ರ ದಶಕದಲ್ಲಿ ಮೊಕದ್ದಮೆಗಳು ನಡೆದಾಗ ಕಾಣೆಯಾದವರನ್ನು ಬರೀ 'ಮುಗ್ಧ ಬಲಿಪಶುಗಳು' ಎಂದು ತೋರಿಸುವುದು ರೂಢಿಯಾಯಿತು. ಹೆಸರು, ವಯಸ್ಸು, ಉದ್ಯೋಗ ಹೇಳುತ್ತಿದ್ದರು. ಯಾವ ಪಕ್ಷ, ಯಾವ ಸಂಘಟನೆ ಅನ್ನುವುದನ್ನು ಹೇಳುತ್ತಿರಲಿಲ್ಲ. ಹೇಳಿದರೆ 'ಹಾಗಾದರೆ ಏನೋ ಮಾಡಿರಬೇಕು' ಎನ್ನುವ ಜನ ಇದ್ದರು. 1995ರಲ್ಲಿ ಕಾಣೆಯಾದವರ ಮಕ್ಕಳು ತಮ್ಮದೇ ಸಂಘಟನೆ ಕಟ್ಟಿದರು. ನಮ್ಮ ಅಪ್ಪ ಅಮ್ಮ ದಾರಿಯಲ್ಲಿ ಹೋಗುವಾಗ ಸುಮ್ನೆ ಸಿಕ್ಕಿಬಿದ್ದವರಲ್ಲ, ಅವರಿಗೊಂದು ರಾಜಕೀಯ ಇತ್ತು, ಅದನ್ನು ಮುಚ್ಚಿಡಬೇಡಿ ಎಂದರು. ಮಿಲಿತಾನ್ಸಿಯಾ ಎಂಬ ಪದ ಹೆಮ್ಮೆಯಿಂದ ವಾಪಸ್ ಬಂದದ್ದು ಹಾಗೆ.

ಈಗ 'ಆ್ಯಕ್ಟಿವಿಸ್ಟ್' ಎಂದು ಬರೆದರೆ ಏನಾಗುತ್ತದೆ? ಎನ್‌ಜಿಒ ಕೆಲಸ ಮಾಡುವವರ ಚಿತ್ರ ಬರುತ್ತದೆ. ಬದುಕನ್ನೇ ಪಕ್ಷಕ್ಕೆ ಕೊಟ್ಟವರ ಚಿತ್ರ ಬರುವುದಿಲ್ಲ. ಮುಚ್ಚಿಡುವ ಕೆಲಸವನ್ನು ಅನುವಾದಕರು ಇನ್ನೊಮ್ಮೆ ಮಾಡಿದ ಹಾಗೆ. ಅದಕ್ಕೇ ಎಷ್ಟೋ ಇತಿಹಾಸಕಾರರು ಇಂಗ್ಲಿಷಲ್ಲೂ 'ಮಿಲಿಟೆಂಟ್' ಅಂತಲೇ ಇಟ್ಟು, ಮೊದಲ ಪುಟದಲ್ಲಿ ಒಂದು ಸಾಲು ವಿವರಣೆ ಕೊಡುತ್ತಾರೆ. ಇಂಗ್ಲೆಂಡಿನಲ್ಲಿ ಮತದ ಹಕ್ಕಿಗೆ ಹೋರಾಡಿದ ಹೆಂಗಸರನ್ನೂ ಮಿಲಿಟೆಂಟ್ ಎಂದೇ ಕರೆಯುತ್ತಿದ್ದರಲ್ವಾ? ನಮ್ಮ ಪತ್ರಿಕೆಗಳು ಕೆಡಿಸಿದ ಪದವನ್ನು ನಾವು ಯಾಕೆ ಬಿಟ್ಟುಕೊಡಬೇಕು?

ಟೆಕ್ಸಸ್‌ನಿಂದ

ವಿವರಣೆಯ ಸಾಲು ಲೇಖನದಲ್ಲಿ ಹಾಕಬಹುದು. ಫಲಕದಲ್ಲಿ ಎಲ್ಲಿ ಹಾಕುತ್ತೀರಿ ತಾಯಿ? ಹುಡುಗರು ಒಂದು ಫಲಕದ ಮುಂದೆ ನಿಲ್ಲುವುದೇ ಅರ್ಧ ನಿಮಿಷ.

ಮೈಸೂರಿನಿಂದ, ಶನಿವಾರ ರಾತ್ರಿ

ಇಂಗ್ಲಿಷಿನ ಜಗಳ ನೀವು ಆಡಿಕೊಳ್ಳಿ. ಕನ್ನಡದಲ್ಲಿ ಆಗಲೇ ಪದ ಇದೆ, ಯಾರೂ ನೋಡುತ್ತಿಲ್ಲ: 'ಹೋರಾಟಗಾರ'. ಅದರೊಳಗೆ ಹೋರಾಟ ಇದೆ, ಬಂದೂಕು ಇಲ್ಲ. ರೈತ ಹೋರಾಟಗಾರ, ಕನ್ನಡ ಹೋರಾಟಗಾರ, ದಲಿತ ಹೋರಾಟಗಾರ್ತಿ ಎನ್ನುತ್ತೇವೆ. ಯಾರೂ ಹೆದರುವುದಿಲ್ಲ, ಯಾರೂ ಎನ್‌ಜಿಒ ಅಂದುಕೊಳ್ಳುವುದೂ ಇಲ್ಲ. ಪಕ್ಷದ ಒಳಗಿನ ಕೆಲಸ ಮಾತ್ರ ಆದರೆ 'ಕಾರ್ಯಕರ್ತ'. ಹುರಿಯಾಳು ಬೇಡ. ಅದನ್ನು ನಿಮ್ಮ ಕಡೆಯವರೇ ಚುನಾವಣೆ ಅಭ್ಯರ್ಥಿಗೆ ಬಳಸುತ್ತಾರೆ.

ನನಗೆ ಮುಖ್ಯ ಅನಿಸಿದ್ದು 'ಕಾಣೆಯಾದವರು'. ನಾನು ಪತ್ರಿಕೆಯ ಡೆಸ್ಕ್‌ನಲ್ಲಿ ಕೆಲಸ ಮಾಡಿದವನು. ಕಾಣೆಯಾದವರ ಪ್ರಕಟಣೆ ದಿನವೂ ಬರುತ್ತಿತ್ತು. 'ಮನೆಯಿಂದ ಹೊರಗೆ ಹೋದವರು ವಾಪಸ್ ಬಂದಿಲ್ಲ. ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಕನ್ನಡ ಮಾತನಾಡುತ್ತಾರೆ. ಸುಳಿವು ಸಿಕ್ಕವರು ಠಾಣೆಗೆ ತಿಳಿಸಬೇಕು.' ಕನ್ನಡದಲ್ಲಿ ಕಾಣೆಯಾದವರು ಎಂದ ಕೂಡಲೇ ಕಣ್ಣ ಮುಂದೆ ಬರುವುದು ಈ ಚೌಕದೊಳಗಿನ ಫೋಟೋ. ಕೊನೆಗೆ ಠಾಣೆಗೆ ತಿಳಿಸಿ ಎನ್ನುತ್ತದೆ. ನಿಮ್ಮ ಫಲಕದಲ್ಲಿರುವವರನ್ನು ಎತ್ತಿಕೊಂಡು ಹೋದವರೇ ಪೊಲೀಸರು, ಸೈನಿಕರು. ಯಾವ ಠಾಣೆಗೆ ತಿಳಿಸುವುದು?

'ಕಾಣೆಯಾಗು' ತಾನಾಗಿ ಆಗುವ ಕ್ರಿಯೆ. ಸ್ಪ್ಯಾನಿಷ್‌ನ 'ದೆಸಪರೆಸೆರ್' ಕೂಡ ಹಾಗೇ ಇರಬೇಕಲ್ಲ? ಕನ್ನಡದಲ್ಲಿ ನಮಗೆ '-ಇಸು' ಇದೆ. ಕಾಣೆಯಾಗಿಸು. ಇದುವರೆಗೆ ಯಾರಿಗೂ ಇದು ಹೊಳೆಯಲಿಲ್ಲ ಅನ್ನುವುದೇ ಆಶ್ಚರ್ಯ. ಸ್ಪ್ಯಾನಿಷ್ ಅರಿಯದ ನನಗೇ ಹೊಳೆಯಿತು.

ಆದರೆ ಗುಂಡಿ ಇದೆ. 'ಕಾಣೆಯಾಗಿಸಿದವರು' ಎಂದು ಫಲಕದ ತಲೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಕೆಳಗೆ ಆ ಹುಡುಗಿಯ ಫೋಟೋ ಹಾಕಿದರೆ ಅವಳೇ ಯಾರನ್ನೋ ಕಾಣೆಯಾಗಿಸಿದವಳು ಎಂದಾಗುತ್ತದೆ. 'ಕೊಂದವರು' ಎಂದರೆ ಕೊಲೆಗಾರರು ತಾನೇ? 'ಕಾಣೆಯಾಗಿಸಲ್ಪಟ್ಟವರು' ಎಂದರೆ ವ್ಯಾಕರಣ ಸರಿ, ಬಾಯಿ ಸುಟ್ಟುಕೊಂಡ ಹಾಗಿರುತ್ತದೆ. ನನ್ನ ಕಾಲದ ಮುಖ್ಯ ಉಪಸಂಪಾದಕರು ಕಾಪಿಯಲ್ಲಿ 'ಅಲ್ಪಟ್ಟ' ಕಂಡರೆ ಕೆಂಪು ಪೆನ್ನಿನಲ್ಲಿ ಗೀಚಿ ಹಿಂದಕ್ಕೆ ಎಸೆಯುತ್ತಿದ್ದರು.

ದಾರಿ ಇದು. ಮಾಡಿದವರ ಹೆಸರು ಮುಂದೆ ತನ್ನಿ. 'ಸೇನೆ ಕಾಣೆಯಾಗಿಸಿದವರು.' ಈಗ ಗೊಂದಲ ಇಲ್ಲ. 'ಪೊಲೀಸರು ಕೊಂದವರು' ಎಂದರೆ ಸತ್ತವರು ಅಂತಲೇ ಅರ್ಥ ಬರುತ್ತದಲ್ಲ, ಹಾಗೆ. ಕನ್ನಡ ಇಲ್ಲಿ ಕರ್ತೃವನ್ನು ಹೇಳಿಸಿಯೇ ಬಿಡುತ್ತದೆ. ನಿಮ್ಮ ವಿಷಯಕ್ಕೆ ಅದು ಒಳ್ಳೆಯದೇ.

ಟೆಕ್ಸಸ್‌ನಿಂದ, ಅವರ ಬೆಳಿಗ್ಗೆ

ಮೈಸೂರಿನ ಸರ್ ಹೇಳಿದ್ದು ಸರಿ. ಒಂದು ತಿದ್ದುಪಡಿ. ಸ್ಪ್ಯಾನಿಷ್‌ನವರಿಗೂ ಇದು ಹೊಳೆದಿತ್ತು. 'ಅವನು ಕಾಣೆಯಾದ' ಎನ್ನುವ ಜಾಗದಲ್ಲಿ 'ಅವನನ್ನು ಕಾಣೆಯಾದರು' ಎಂಬಂಥ ವಾಕ್ಯ ಅಲ್ಲಿ ಬಂತು. ಹಳೆಯ ವ್ಯಾಕರಣಕ್ಕೆ ಅದು ತಪ್ಪು. ಆದರೂ ನಿಂತಿತು. ಗ್ವಾಟೆಮಾಲಾದಲ್ಲಿ 1960ರ ದಶಕದಲ್ಲೇ ಜನರನ್ನು ಹೀಗೆ ಎತ್ತಿಕೊಂಡು ಹೋಗುವುದು ಶುರುವಾಗಿತ್ತು, 'ದೆಸಪರೆಸಿದೊ' ಪದವೂ ಅಲ್ಲಿ ಓಡಾಡುತ್ತಿತ್ತು. ಇಂಗ್ಲಿಷ್ ಕೂಡ ಹಿಂದೆ ಬಂತು. 'ವಾಸ್ ಡಿಸಪಿಯರ್ಡ್' ಎಂದು ಈಗ ಪತ್ರಿಕೆಗಳು ಸಲೀಸಾಗಿ ಬರೆಯುತ್ತವೆ. ಇಂಗ್ಲಿಷ್ ಶುದ್ಧಿಯವರು ಸಿಟ್ಟಾಗುತ್ತಾರೆ. ಅವರಿಗೆ ಗೊತ್ತಿಲ್ಲ, 1961ರ ಒಂದು ಅಮೆರಿಕನ್ ಕಾದಂಬರಿಯಲ್ಲೇ ಆ ಪ್ರಯೋಗ ಇದೆ.

ಅರ್ಜೆಂಟೀನಾದಲ್ಲಿ ಈ ಪದಕ್ಕೆ ಇಷ್ಟು ತೂಕ ಯಾಕೆ ಅಂದರೆ, ಕಾಣೆಯಾದವರಿಗೆ ಶವ ಇಲ್ಲ, ಕೇಸಿಲ್ಲ, ದಾಖಲೆ ಇಲ್ಲ. 1979ರಲ್ಲಿ ಸೇನಾ ಸರ್ಕಾರದ ಅಧ್ಯಕ್ಷ ಜನರಲ್ ವಿದೇಲಾ ಪತ್ರಕರ್ತರ ಮುಂದೆ ಹೇಳಿದ್ದು ಹೆಚ್ಚೂಕಡಿಮೆ ಇದನ್ನೇ: ಅವನು ಸತ್ತಿಲ್ಲ, ಬದುಕಿಲ್ಲ, ಕಾಣೆಯಾಗಿದ್ದಾನೆ, ಅವನಿಗೆ ಅಸ್ತಿತ್ವವೇ ಇಲ್ಲ.

ಕಾನೂನಿನ ಮಾತು ಬೇಕಾದರೆ ಇಂಗ್ಲಿಷಲ್ಲಿ ಎರಡು ಇವೆ. ಅಮೆರಿಕ ಖಂಡದ ದೇಶಗಳ 1994ರ ಒಪ್ಪಂದದಲ್ಲಿ 'ಫೋರ್ಸ್ಡ್ ಡಿಸಪಿಯರೆನ್ಸ್', ವಿಶ್ವಸಂಸ್ಥೆಯ 2006ರ ಒಪ್ಪಂದದಲ್ಲಿ 'ಎನ್‌ಫೋರ್ಸ್ಡ್'. ಸ್ಪ್ಯಾನಿಷ್‌ನಲ್ಲಿ ಎರಡಕ್ಕೂ ಒಂದೇ. ಭಾರತ 2007ರಲ್ಲಿ ಎರಡನೆಯದಕ್ಕೆ ಸಹಿ ಹಾಕಿತು, ಅನುಮೋದನೆ ಮಾಡಿಲ್ಲ. ಕನ್ನಡದಲ್ಲಿ 'ಬಲವಂತದ ಕಣ್ಮರೆ' ಸಾಕು.

ಈಗ 'ತ್ರಸ್ಲಾದೊ'. ಎಡೆಮಾರ್ಪು ಎಂದವರಿಗೆ ಇದು ಏನೆಂದು ಗೊತ್ತಿದೆಯೋ ಇಲ್ಲವೋ. ಎಸ್ಮಾದಲ್ಲಿ ಕೈದಿಗಳ ಹೆಸರು ಕೂಗಿ, ನಿಮ್ಮನ್ನು ಬೇರೆ ಕಡೆಗೆ ಕಳಿಸುತ್ತೇವೆ ಎನ್ನುತ್ತಿದ್ದರು. ಪ್ರಯಾಣಕ್ಕೆ ಲಸಿಕೆ ಅಂತ ಹೇಳಿ ಮತ್ತಿನ ಚುಚ್ಚುಮದ್ದು ಕೊಡುತ್ತಿದ್ದರು. ವಿಮಾನಕ್ಕೆ ಹತ್ತಿಸಿ ಜೀವಂತ ನದಿಗೋ ಸಮುದ್ರಕ್ಕೋ ಎಸೆಯುತ್ತಿದ್ದರು. 1995ರಲ್ಲಿ ನೌಕಾಪಡೆಯ ಒಬ್ಬ ಮಾಜಿ ಅಧಿಕಾರಿ, ಶಿಲಿಂಗೊ, ಇದನ್ನು ಬಾಯಿಬಿಟ್ಟು ಹೇಳಿದ. 2005ರಲ್ಲಿ ಸ್ಪೇನ್‌ನ ನ್ಯಾಯಾಲಯ ಅವನಿಗೆ ಶಿಕ್ಷೆ ಕೊಟ್ಟಿತು. ಈ ಇಡೀ ಕೆಲಸಕ್ಕೆ ಇಟ್ಟಿದ್ದ ಹೆಸರು ತ್ರಸ್ಲಾದೊ. ಕಚೇರಿಯ ಸಾದಾ ಪದ. ಇಂಗ್ಲಿಷಲ್ಲಿ 'ಟ್ರಾನ್ಸ್‌ಫರ್' ಎಂದು ಉದ್ಧರಣ ಚಿಹ್ನೆಯೊಳಗೆ ಹಾಕುವುದು ವಾಡಿಕೆ. ಕನ್ನಡದಲ್ಲಿ 'ವರ್ಗಾವಣೆ'ಯೇ ಆಗಬೇಕು. ತಾಲ್ಲೂಕು ಆಫೀಸಿನಲ್ಲಿ ಬಳಸುವ ಅದೇ ಪದ. ಹೊಸ ಪದ ಕಟ್ಟಿದರೆ, ಅಚ್ಚಗನ್ನಡವಾಗಲಿ ಸಂಸ್ಕೃತವಾಗಲಿ, ಅದರ ತಣ್ಣನೆಯ ಕ್ರೌರ್ಯ ಹೋಗಿಬಿಡುತ್ತದೆ.

ಕೊನೆಯದು 'ಪುಂತೊ ಫಿನಾಲ್'. 1986ರ ಕಾಯ್ದೆ. ಇಂತಿಷ್ಟು ದಿನದೊಳಗೆ ಆರೋಪಿಗಳನ್ನು ಕೋರ್ಟಿಗೆ ಕರೆಸದಿದ್ದರೆ ಮುಂದೆ ಕೇಸೇ ಇಲ್ಲ ಎಂದಿತು. ಮರುವರ್ಷ ಇನ್ನೊಂದು ಬಂತು: ಮೇಲಿನವರ ಆಜ್ಞೆ ಪಾಲಿಸಿದ ಕೆಳಗಿನವರಿಗೆ ಶಿಕ್ಷೆ ಇಲ್ಲ ಅಂತ. ಎರಡನ್ನೂ 2003ರಲ್ಲಿ ಸಂಸತ್ತು ರದ್ದು ಮಾಡಿತು, 2005ರಲ್ಲಿ ಸುಪ್ರೀಂ ಕೋರ್ಟ್ ಅಸಾಂವಿಧಾನಿಕ ಎಂದಿತು. ಇಂಗ್ಲಿಷಲ್ಲಿ 'ಫುಲ್ ಸ್ಟಾಪ್ ಲಾ' ಎನ್ನುತ್ತಾರೆ. ನನಗೆ ಅದು ಯಾವತ್ತೂ ಸಾಲದು. ಫುಲ್ ಸ್ಟಾಪ್ ಆದ ಮೇಲೆ ಇನ್ನೊಂದು ವಾಕ್ಯ ಬರುತ್ತದೆ. ಸ್ಪ್ಯಾನಿಷ್‌ನಲ್ಲಿ ವಾಕ್ಯದ ಕೊನೆಯ ಚುಕ್ಕೆ ಬೇರೆ, ಪ್ಯಾರಾ ಕೊನೆಯ ಚುಕ್ಕೆಗೆ ಬೇರೆ ಹೆಸರು, ಇಡೀ ಬರಹ ಮುಗಿಸುವ ಚುಕ್ಕೆ ಮಾತ್ರ ಪುಂತೊ ಫಿನಾಲ್.

ಮೈಸೂರಿನಿಂದ

ಇತಿಶ್ರೀ.

'ಇತಿಶ್ರೀ ಕಾಯ್ದೆ' ಎನ್ನಿ. ನಮ್ಮಲ್ಲಿ ಗ್ರಂಥ ಮುಗಿಸುವುದು ಇತಿಶ್ರೀಯಿಂದ. 'ಆ ವಿಷಯಕ್ಕೆ ಇತಿಶ್ರೀ ಹಾಡಿದರು' ಎಂದು ವಾರಕ್ಕೊಮ್ಮೆ ಯಾವುದಾದರೂ ಹೆಡ್‌ಲೈನ್ ಇದ್ದೇ ಇರುತ್ತದೆ.

ಸಾಗರದಿಂದ

ಇತಿಶ್ರೀ ಸಂಸ್ಕೃತ. ವರ್ಗಾವಣೆ ಸಂಸ್ಕೃತ. ನೀತಿ ಸಂಸ್ಕೃತ. ಇಲ್ಲಿ ಕನ್ನಡದ ಪದ ಕೇಳಿದರೋ, ಸಂಸ್ಕೃತದ್ದೋ? 'ಮುಗಿತಾಯದ ಕಟ್ಟಲೆ' ಎಂದು ಬರೆಯಲು ಯಾವ ದೊಡ್ಡ ರೋಗ?

ಧಾರವಾಡದಿಂದ

ಕಟ್ಟಲೆ ಎಂದರೆ ನಮ್ಮ ಕಡೆ ಪದ್ಧತಿ. ಕಾಯ್ದೆ ಅಲ್ಲ. 'ಕಾಯ್ದೆ' ಅರಬ್ಬಿಯಿಂದ ಬಂದದ್ದು, ನೂರಾರು ವರ್ಷದಿಂದ ನಮ್ಮ ಕೋರ್ಟಿನಲ್ಲಿ ಕೂತಿದೆ. ಅದನ್ನು ಎಬ್ಬಿಸಿ ಕಳಿಸುವವರು ಮೊದಲು ತಮ್ಮ ಮನೆಯ ಮೇಜು, ಚಾವಿ, ಸಾಬೂನು, ಇಸ್ತ್ರಿ ಎಲ್ಲಾ ಪೋರ್ತುಗಲ್ಲಿಗೆ ಪಾರ್ಸೆಲ್ ಮಾಡಲಿ.

ಸಾಗರದಿಂದ

ಮೇಜಿನ ವಾದ ಈ ಬಳಗದಲ್ಲಿ ಎಷ್ಟನೆಯ ಸಲ? ಬಂದದ್ದನ್ನು ಕಳಿಸಿ ಎಂದು ನಾನು ಹೇಳಿಲ್ಲ. ಇವತ್ತು ಹೊಸದಾಗಿ ಪದ ಬೇಕಾದಾಗ ಮೊದಲು ಯಾರ ಮನೆಯ ಬಾಗಿಲು ತಟ್ಟುತ್ತೀರಿ ಎಂಬುದು ಪ್ರಶ್ನೆ. ಹುಂತಾಗೆ ಕೂಟ ಎಷ್ಟು ಸರಿಯಾಗಿ ಕೂರುತ್ತದೆ! ಕೂಡು, ಕೂಟ. ಅಲ್ಲಿಯೂ ಅದೇ. ಅದಕ್ಕೆ ಉತ್ತರ ಕೊಡದೆ ಸಾಬೂನು ತೊಳೆಯುತ್ತಿದ್ದೀರಿ.

ದೆಹಲಿಯಿಂದ

ಕೂಟ ನಿಜಕ್ಕೂ ಚೆನ್ನಾಗಿದೆ. ಯಾಕೆ ಅಂದರೆ ಸ್ಪ್ಯಾನಿಷ್‌ನಲ್ಲಿ ಹುಂತಾ ಪದಕ್ಕೂ ಸೈನ್ಯಕ್ಕೂ ಸಂಬಂಧವೇ ಇಲ್ಲ. ಆಂಡಲೂಸಿಯಾದಲ್ಲಿ ಚುನಾವಣೆಯಲ್ಲಿ ಗೆದ್ದು ಬಂದ ಪ್ರಾಂತ್ಯ ಸರ್ಕಾರದ ಹೆಸರೇ ಹುಂತಾ. ಚಿಲಿಯಲ್ಲಿ ಬಡಾವಣೆ ನಿವಾಸಿಗಳ ಸಂಘವೂ ಹುಂತಾ. ಕಂಪನಿಯ ಆಡಳಿತ ಮಂಡಳಿಯೂ ಹುಂತಾ. ಇಂಗ್ಲಿಷಿಗೆ ಹೋದ ಮೇಲೆ ಅದಕ್ಕೆ ಸಮವಸ್ತ್ರ ತೊಡಿಸಿದರು. ಅಲ್ಲಿಂದ ನಾವು ತಂದು ಮ್ಯಾನ್ಮಾರ್ ಸುದ್ದಿಯಲ್ಲಿ 'ಸೇನಾ ಜುಂಟಾ' 'ಸೇನಾ ಜುಂಟಾ' ಅಂತ ಬರೆಯುತ್ತೇವೆ. ನಮ್ಮ ಹಾಸ್ಟೆಲಿನಲ್ಲಿ 'ಜುಂಟಾ' ಎಂದರೆ ಗುಂಪಿನ ಹುಡುಗರು, ಅದು ಹಿಂದಿಯ ಜನತಾ. ಫಲಕದಲ್ಲಿ ಬರೀ ಜುಂಟಾ ಎಂದಿದ್ದರೆ ಅದಕ್ಕೂ ನಗುತ್ತಾರೆ.

ಗೆರಿಲ್ಲಾ ಕಥೆಯೂ ಹೀಗೇ. ಸ್ಪ್ಯಾನಿಷ್‌ನಲ್ಲಿ 'ಗೆರ್ರಾ' ಯುದ್ಧ, 'ಗೆರ್ರಿಯಾ' ಚಿಕ್ಕ ಯುದ್ಧ. 1808ರ ನಂತರ ನೆಪೋಲಿಯನ್ ಸೈನ್ಯದ ವಿರುದ್ಧ ಸ್ಪೇನ್‌ನವರು ಹೋರಾಡಿದಾಗ ಇಂಗ್ಲಿಷರು ಪದ ಎತ್ತಿಕೊಂಡರು, ಆಮೇಲೆ ಮನುಷ್ಯನನ್ನೇ ಗೆರಿಲ್ಲಾ ಎಂದರು. ನಮ್ಮ 'ಗೆರಿಲ್ಲಾ ಯುದ್ಧ' ಚಿಕ್ಕಯುದ್ಧದ ಯುದ್ಧ. ಅಷ್ಟಾಗಿ, ಗೆರ್ರಾ ಮೂಲದಲ್ಲಿ ಸ್ಪ್ಯಾನಿಷ್ ಪದವೇ ಅಲ್ಲ, ಜರ್ಮಾನಿಕ್. ಇಂಗ್ಲಿಷಿನ 'ವಾರ್' ಅದರ ಅಣ್ಣತಮ್ಮ.

ಧಾರವಾಡದಿಂದ

ಅಂದಮೇಲೆ ಧಾತು ನೋಡಬೇಕು ಅಂತ ನಾನು ಹೇಳಿದ್ದೇ ಸರಿ ಆತಲ್ಲ.

ಟೆಕ್ಸಸ್‌ನಿಂದ

ಸರಿ ಆಗಲಿಲ್ಲ. ಧಾತು ಹಿಡಿದಿದ್ದರೆ ಬಡಾವಣೆ ಸಂಘ ಮತ್ತು ವಿದೇಲಾ ಸರ್ಕಾರ ಎರಡೂ 'ಸಂಯೋಗ' ಆಗುತ್ತಿದ್ದವು.

ಬೆಂಗಳೂರಿನಿಂದ, ಭಾನುವಾರ ಬೆಳಿಗ್ಗೆ

ಎಲ್ಲರಿಗೂ ಧನ್ಯವಾದ. ಫೈಲ್ ಹೋಯಿತು. ಏನು ಇಟ್ಟೆ ಎಂದು ತಿಳಿಸುತ್ತೇನೆ, ಬೈಯುವುದಿದ್ದರೆ ಬೈಯಿರಿ.

ಲೇಖನದ ಇಂಗ್ಲಿಷಿನಲ್ಲಿ 'ಮಿಲಿಟೆಂಟ್' ಉಳಿಸಿದ್ದೇನೆ, ಮೊದಲ ಸಲ ಬಂದಲ್ಲಿ ಎರಡು ಸಾಲಿನ ವಿವರಣೆ ಇದೆ. ದೆಹಲಿಯವರ ಮಾತು ಸಂಪಾದಕರಿಗೂ ಹಿಡಿಸಿತು. ಇಂಗ್ಲಿಷ್ ಫಲಕದಲ್ಲಿ ಟೆಕ್ಸಸ್ ಅಣ್ಣನ ಸಲಹೆಯಂತೆ ಆ್ಯಕ್ಟಿವಿಸ್ಟ್, ಆದರೆ ಪಕ್ಕದಲ್ಲಿ ಪಕ್ಷದ ಅಥವಾ ಸಂಘಟನೆಯ ಹೆಸರು ಎಲ್ಲರಿಗೂ ಹಾಕಿದ್ದೇನೆ, ಬಂದೂಕು ಹಿಡಿದವರಿಗೆ ಮಾತ್ರ ಅಲ್ಲ. ಕನ್ನಡದಲ್ಲಿ ಹೋರಾಟಗಾರ, ಹೋರಾಟಗಾರ್ತಿ.

ಪೊಲಿತಿಕಾಸ್ ಕೆಲವು ಕಡೆ ಪಾಲಿಸಿ ಆಯಿತು, ಒಂದು ಕಡೆ ಮಾತ್ರ ಪಾಲಿಟಿಕ್ಸ್. ಕನ್ನಡ ಫಲಕದಲ್ಲಿ ಆ ಪದ ಬರಲೇ ಇಲ್ಲ. 'ಸರ್ಕಾರ ಆ ಶಾಲೆಯನ್ನು ನೆನಪಿನ ತಾಣ ಮಾಡಲು ಬಿಟ್ಟುಕೊಟ್ಟಿತು' ಎಂದು ನೇರವಾಗಿ ಬರೆದೆ.

ದೊಡ್ಡ ಫಲಕದ ತಲೆಬರಹ 'ಸೇನೆ ಕಾಣೆಯಾಗಿಸಿದವರು'. ಕಾಲೇಜಿನವರು ಫೋನ್ ಮಾಡಿ 'ಇದು ಸ್ವಲ್ಪ ಖಾರ ಆಗಲಿಲ್ವಾ ಮೇಡಂ' ಎಂದರು. ಇಂಗ್ಲಿಷಿನದು ಖಾರ ಇಲ್ಲವಾ ಎಂದು ಕೇಳಿದೆ. ಇಂಗ್ಲಿಷ್ ಪರವಾಗಿಲ್ಲ ಎಂದರು. ಹಾಗೇ ಇಟ್ಟಿದ್ದೇನೆ.

'ವರ್ಗಾವಣೆ' ಉದ್ಧರಣ ಚಿಹ್ನೆಯೊಳಗೆ. 'ಇತಿಶ್ರೀ ಕಾಯ್ದೆ' ಎರಡನೇ ಯೋಚನೆಯೇ ಇಲ್ಲದೆ ಹಾಕಿದೆ.

ಹುಂತಾಗೆ ಸಂಯೋಗವೂ ಇಲ್ಲ, ಪಡೆಕೂಟವೂ ಇಲ್ಲ, ಜುಂಟಾವೂ ಇಲ್ಲ. 1976ರಲ್ಲಿ ಅಧಿಕಾರ ಹಿಡಿದವರು ಮೂವರು: ಭೂಸೇನೆಯ ವಿದೇಲಾ, ನೌಕಾಪಡೆಯ ಮಸ್ಸೇರಾ, ವಾಯುಪಡೆಯ ಅಗೊಸ್ತಿ. 'ಮೂರು ಪಡೆಗಳ ಮುಖ್ಯಸ್ಥರ ಆಡಳಿತ' ಎಂದು ಬರೆದಿದ್ದೇನೆ. ಫ್ಲೆಕ್ಸ್‌ನಲ್ಲಿ ಒಂದು ಸಾಲು ಜಾಸ್ತಿ ಹಿಡಿಯಿತು.

ಸಾಗರದಿಂದ

'ಮೂರು ಪಡೆಗಳ ಕೂಟ' ಎಂದಿದ್ದರೆ ಆ ಸಾಲು ಉಳಿಯುತ್ತಿತ್ತು.

ಧಾರವಾಡದಿಂದ

ನೊಗದ ವಿಷಯ ಯಾರೂ ಮುಗಿಸಲಿಲ್ಲ. ಬೇರೆ ತಲೆಬರಹದಡಿ ಹಾಕುತ್ತಿದ್ದೇನೆ. ಸಾಗರದವರು ತಮಿಳು ನುಗಂ ಎಷ್ಟು ಹಳೆಯದು ಎಂಬ ದಾಖಲೆ ತಗೊಂಡು ಬರಲಿ.